ಒಡಕಲು ಅಕ್ಷರ, ಡೈರಿ ಅಕ್ಷರ

ನಾನು ಬರೆದ ಬೋರ್ಡನ್ನು ನಂಬಿ ಒಬ್ಬ ಹೆಂಗಸು ತನ್ನ ಎರಡು ಹಸುಗಳಿಗೆ ವಿಷದ ನೀರು ಕುಡಿಸಿದಳು. ಬೋರ್ಡಿನ ಮೇಲೆ ನಾನು ಬರೆದಿದ್ದು ‘ಅಪಾಯ, ಈ ನೀರು ಮುಟ್ಟಬೇಡಿ’ ಎಂದೇ. ಒಂದು ಕೊಂಬು, ಒಂದು ದೀರ್ಘ ತಪ್ಪಿರಲಿಲ್ಲ. ಆದರೂ ತಪ್ಪು ನನ್ನದು. ಇದನ್ನು ಇಷ್ಟು ವರ್ಷ ಆಕೆಯೊಬ್ಬಳನ್ನು ಬಿಟ್ಟು ಯಾರಿಗೂ ಪೂರ್ತಿಯಾಗಿ ಹೇಳಿಲ್ಲ. ನನ್ನ ಹೆಂಡತಿಗೆ ಅರ್ಧ ಹೇಳಿದ್ದೆ. ಅದೂ ನನಗೆ ಅನುಕೂಲವಾದ ಅರ್ಧ.

ಎಸ್ಸೆಸ್ಸೆಲ್ಸಿ ಮುಗಿದ ಮೇಲೆ ಮುಂದಕ್ಕೆ ಓದಲು ಮನಸ್ಸಾಗಲಿಲ್ಲ. ಬಂಗಾರಪೇಟೆಯಲ್ಲಿ ಸ್ಟೇಷನ್ನಿಗೆ ಹೋಗುವ ರಸ್ತೆಯಲ್ಲಿ ಒಂದು ಸಣ್ಣ ಮಳಿಗೆ ಹಿಡಿದು ಬೋರ್ಡು ಬರೆಯತೊಡಗಿದೆ. ಎಪ್ಪತ್ತರ ದಶಕದ ಕೊನೆಯ ಮಾತು. ಆಗ ಯಾವ ಅಂಗಡಿಯ ಹೆಸರನ್ನಾದರೂ ಕೈಯಿಂದಲೇ ಬರೆಯಬೇಕು. ತಗಡಿಗೆ ಬಿಳಿ ಬಣ್ಣ ಬಳಿದು, ಸೀಮೆಸುಣ್ಣದ ಪುಡಿ ಹಚ್ಚಿದ ದಾರವನ್ನು ಎಳೆದು ಹಿಡಿದು ಮಿಡಿದರೆ ಗೆರೆ ಬೀಳುತ್ತಿತ್ತು. ಆ ಗೆರೆಗಳ ನಡುವೆ ಅಕ್ಷರ ಕೂರಿಸುವುದು ನನ್ನ ಕೆಲಸ. ನನ್ನ ಅಕ್ಷರ ದುಂಡಗೆ, ನುಣ್ಣಗೆ ಇರುತ್ತಿತ್ತು. ಶಾಲೆ, ಆಸ್ಪತ್ರೆ, ಕುಡಿಯುವ ನೀರಿನ ತೊಟ್ಟಿ, ಸುತ್ತಲಿನ ಹಳ್ಳಿಗಳ ಹಾಲಿನ ಡೈರಿ, ಎಲ್ಲ ಕಡೆಯ ಗೋಡೆಯ ಮೇಲೂ ಬಿಳಿಯ ಮೇಲೆ ನೀಲಿಯಲ್ಲಿ ಅದೇ ಅಕ್ಷರ. ಹಳ್ಳಿಯವರು ಅದಕ್ಕೆ ‘ಡೈರಿ ಅಕ್ಷರ’ ಎಂದು ಹೆಸರಿಟ್ಟಿದ್ದರು.

ಒಡಕಲು ಅಕ್ಷರ ಹುಟ್ಟಿದ್ದು ಬೇರೆ ರೀತಿಯಲ್ಲಿ. ಬಂಗಾರಪೇಟೆಯಿಂದ ಕೆಜಿಎಫ್ ಚಿನ್ನದ ಗಣಿಯ ಉರಿಗಾಂ ಕಡೆಗೆ ಹೋಗುವ ದಾರಿಯ ಪಕ್ಕದಲ್ಲಿ ಒಬ್ಬ ಗುಜರಿ ಕಂಟ್ರಾಕ್ಟರು ಶೆಡ್ಡು ಹಾಕಿದ್ದ. ಎಲ್ಲೆಲ್ಲಿಂದಲೋ ಹಳೆಯ ಯಂತ್ರದ ಭಾಗಗಳನ್ನು ತಂದು, ಮದ್ದು ಬೆರೆಸಿದ ನೀರಿನಲ್ಲಿ ತೊಳೆದು, ಹಿತ್ತಾಳೆ ತಾಮ್ರ ಬೇರೆ ಮಾಡಿ ಮಾರುತ್ತಿದ್ದ. ತೊಳೆದ ನೀರು ಶೆಡ್ಡಿನ ಹಿಂದಿನ ಗುಂಡಿಯಲ್ಲಿ ನಿಲ್ಲುತ್ತಿತ್ತು. ಸುತ್ತಲೂ ಮುಳ್ಳು ಹಾಕಿದ್ದ. ಮುಳ್ಳು ಬೇಸಿಗೆಯಲ್ಲಿ ಯಾರದೋ ಒಲೆಗೆ ಹೋಗುತ್ತಿತ್ತು. ಹಾಗಾಗಿ ಬೋರ್ಡು ಬೇಕೆಂದು ನನ್ನನ್ನು ಕರೆಸಿದ.

ಅವನು ಕೊಟ್ಟ ತಗಡು ತುಕ್ಕು ಹಿಡಿದಿತ್ತು, ಡಬ್ಬಿಯ ತಳದಲ್ಲಿ ಸ್ವಲ್ಪ ಕಪ್ಪು ಬಣ್ಣವಿತ್ತು. ನನ್ನ ದಪ್ಪ ಕುಂಚದ ಕೂದಲೆಲ್ಲ ಸವೆದು ಪೊರಕೆಯಂತಾಗಿತ್ತು. ಬಣ್ಣ ಸಾಲುವುದಿಲ್ಲವೆಂದು ಕುಂಚವನ್ನು ಬಟ್ಟೆಗೆ ಒರೆಸಿ, ಒಣಗಿದಂತೆಯೇ ಒತ್ತಿ ಎಳೆದೆ. ಅಕ್ಷರ ಅಗಲವಾಗಿ ಬಂತು, ಆದರೆ ಮಧ್ಯೆ ಮಧ್ಯೆ ಸೀಳಿತ್ತು. ಅಂಚು ಹರಿದಂತಿತ್ತು. ಅಳಿಸಬೇಕೆಂದು ಹಿಂದೆ ಸರಿದು ನೋಡಿದವನು ಅಳಿಸಲಿಲ್ಲ. ‘ಅಪಾಯ’ ಎಂಬ ಮಾತು ನಿಜವಾಗಿಯೂ ಅಪಾಯದಂತೆ ಕಾಣುತ್ತಿತ್ತು. ಒಣಗಿದ ಮೇಲೆ ಹ್ಯಾಕ್ಸಾ ಬ್ಲೇಡಿನ ತುಂಡಿನಿಂದ ಇನ್ನೆರಡು ಕಡೆ ಕೆರೆದೆ. ಕೆಳಗೆ ಅದೇ ಕುಂಚದಲ್ಲಿ ತಮಿಳಿನಲ್ಲೂ ಇಂಗ್ಲಿಷಿನಲ್ಲೂ ಬರೆದೆ.

ನಮ್ಮ ಕಡೆ ಒಬ್ಬೊಬ್ಬರದು ಒಂದೊಂದು ಲಿಪಿ. ಗಣಿ ಕಾರ್ಮಿಕರ ಲೈನುಮನೆಗಳಲ್ಲಿ ಇರುವವರು ತಮಿಳು ಓದುತ್ತಾರೆ, ಗಡಿಯ ಕಡೆಯಿಂದ ಬಂದವರು ತೆಲುಗು, ಹಳ್ಳಿಯವರು ಕನ್ನಡ. ದನ ಕುರಿ ಮೇಯಿಸುವವರಲ್ಲಿ ಹೆಚ್ಚಿನವರು ಯಾವುದನ್ನೂ ಓದುವುದಿಲ್ಲ. ಆದರೆ ಮಾತು ಮೂರೂ ಬರುತ್ತದೆ. ಇವರಿಗೆಲ್ಲ ಒಂದೇ ಸಲಕ್ಕೆ ಅರ್ಥವಾಗಿದ್ದು ಆ ಒಡಕು. ಯಾವ ಲಿಪಿಯಾದರೂ ಸರಿ, ಅಕ್ಷರ ಸೀಳಿದ್ದರೆ ಅತ್ತ ಹೋಗಬಾರದು. ಇದನ್ನು ಯಾರೂ ಯಾರಿಗೂ ಕೂರಿಸಿ ಕಲಿಸಲಿಲ್ಲ. ಆಮೇಲೆ ನಾನು ಕಲ್ಲುಕ್ವಾರಿಯ ಬಳಿ, ಪಾಳು ಬಾವಿಯ ಬಳಿ, ವಿದ್ಯುತ್ ಕಂಬದ ಪಕ್ಕ ಅದೇ ಅಕ್ಷರ ಬರೆದೆ. ಅದು ಮೇಯಿಸುವವರ ನಡುವೆ ತಾನಾಗಿಯೇ ಹರಡಿತು.

ಇದು ನನಗೆ ತಿಳಿದಿದ್ದು ಆ ಹೆಂಗಸಿನಿಂದ. ಆಕೆ ಪಕ್ಕದ ಹಳ್ಳಿಯವಳು, ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವಳಿರಬಹುದು. ಗಂಡ ಗಣಿಯ ಕೆಲಸದಲ್ಲಿ ಎದೆ ಕೆಡಿಸಿಕೊಂಡು, ಕೆಮ್ಮುತ್ತ ಜಗುಲಿಯ ಮೇಲೆ ಕೂತಿದ್ದ. ಎರಡು ಸೀಮೆ ಹಸುಗಳ ಹಾಲು ಡೈರಿಗೆ ಹೋದರೆ ಮನೆಯಲ್ಲಿ ಒಲೆ ಉರಿಯುತ್ತಿತ್ತು, ಇಲ್ಲದಿದ್ದರೆ ಇಲ್ಲ. ಮೊದಲನೆಯ ಬೋರ್ಡು ನೆಡುವಾಗ ಹಸುಗಳನ್ನು ಹೊಡೆದುಕೊಂಡು ಬಂದು ನನ್ನ ಹಿಂದೆ ನಿಂತಳು.

“ಏನ್ಲಾ ತಮ್ಮ, ಏನ್ ಬರ್ದಿದ್ದೀಯ?”

“ಈ ನೀರು ಮುಟ್ಟಬಾರ್ದು ಅಂತ ಅಕ್ಕ. ಮದ್ದಿನ ನೀರು. ದನ ಕುಡುದ್ರೆ ಉಳಿಯಲ್ಲ.”

“ನೋಡುದ್ರೇ ಗೊತ್ತಾಯ್ತದೆ ಬುಡು. ಗೆದ್ಲು ತಿಂದ ಬಾಗ್ಲು ಇದ್ದಂಗೈತೆ ನಿನ್ನಕ್ಸರ. ನಮ್ ಅಸೂನೂ ಇತ್ತಾಗೆ ಬರಲ್ಲ.”

ನನಗೆ ಹೆಮ್ಮೆಯಾಯಿತು. ಓದಲು ಬಾರದವಳು ನನ್ನ ಅಕ್ಷರ ಓದಿದ್ದಳು.

ಎಂಬತ್ತರ ದಶಕದಲ್ಲಿ ವೀಡಿಯೊ ಬಂತು. ಉರಿಗಾಂನಲ್ಲಿ ಒಬ್ಬರು ಹಳೆಯ ಗೋದಾಮಿನಲ್ಲಿ ಬೆಂಚು ಹಾಕಿ, ಟೀವಿ ಇಟ್ಟು, ದಿನಕ್ಕೊಂದು ಸಿನಿಮಾ ತೋರಿಸತೊಡಗಿದರು. ದೆವ್ವದ ಸಿನಿಮಾ, ಹೊಡೆದಾಟದ ಸಿನಿಮಾ. ಅವರು ತಮಿಳಿನವರು. ಕ್ವಾರಿಯ ಬಳಿಯ ನನ್ನ ಬೋರ್ಡು ನೋಡಿ ಮಳಿಗೆ ಹುಡುಕಿಕೊಂಡು ಬಂದರು.

“ತಂಬಿ, ಅದು ನಿನ್ನ ಕೈಯಾ? ಪೇಯ್ ಎಳುತ್ತಪ್ಪಾ ಅದು, ದೆವ್ವದ ಅಕ್ಷರ. ನೋಡಿದವನು ಅಲ್ಲೇ ನಿಂತುಬುಡ್ತಾನೆ. ನನಗೆ ಅದು ಬೇಕು.”

“ಬರ್ದುಕೊಡ್ತೀನಿ ಅಣ್ಣಾ.”

“ಒಂದೆರಡು ಬೋರ್ಡಲ್ಲ. ಅ ಇಂದ ಕಡೇವರೆಗೂ ಎಲ್ಲಾ ಎಳುತ್ತೂ ಬರ್ದುಕೊಡು. ಮರದಲ್ಲಿ ಕೆತ್ತಿಸ್ತೀನಿ. ದಿನಾ ಜೋಡಿಸೋದು, ಮಸಿ ಹಚ್ಚೋದು, ಪೋಸ್ಟರ್ ಒತ್ತೋದು. ಆದ್ರೆ ಒಂದು ಮಾತು. ಆಮೇಲೆ ಈ ಅಕ್ಷರ ಇನ್ನೆಲ್ಲೂ ಕಾಣಬಾರ್ದು. ನನ್ನ ವೀಡಿಯೊ ಹಾಲ್‌ದೇ ಅಂತ ಜನಕ್ಕೆ ಗೊತ್ತಾಗಬೇಕು.”

ಇಡೀ ವರ್ಣಮಾಲೆ ಬರೆಯುವುದು ಸುಲಭವಾಗಿರಲಿಲ್ಲ. ಬೋರ್ಡಿನ ಮೇಲೆ ಒಡಕು ತನಗೆ ತೋಚಿದ ಕಡೆ ಬೀಳುತ್ತದೆ. ಮರದ ಅಚ್ಚಿನಲ್ಲಿ ಅದನ್ನು ಯೋಚಿಸಿ ಹಾಕಬೇಕು. ಸೀಳು ಸ್ವಲ್ಪ ಆಚೆಗೆ ಬಿದ್ದರೆ ಪ ಯಾವುದು ವ ಯಾವುದು ತಿಳಿಯುವುದಿಲ್ಲ. ಒತ್ತಕ್ಷರಗಳು ಚಿಕ್ಕವು, ಅವುಗಳನ್ನು ಒಡೆದರೆ ಪುಡಿಯಾಗಿ ಹೋಗುತ್ತವೆ. ದಪ್ಪ ಕಾಗದದ ಮೇಲೆ ಬರೆದು, ಹರಿದು, ಮತ್ತೆ ಬರೆದೆ. ಬಡಗಿ ಅದನ್ನು ಕೆತ್ತಿದ. ಮೊದಲ ಪೋಸ್ಟರು ಒತ್ತಿದ ದಿನ ಉರಿಗಾಂ, ಬಂಗಾರಪೇಟೆಯ ಗೋಡೆಗಳ ಮೇಲೆಲ್ಲ ನನ್ನ ಒಡಕಲು ಅಕ್ಷರ. ಸೈಕಲ್ಲು ಹತ್ತಿ ಅದನ್ನು ನೋಡಲಿಕ್ಕೆಂದೇ ಸುತ್ತಿ ಬಂದೆ. ಮಟನ್ ಅಂಗಡಿಯವರು, ಗರಡಿಯವರು ಬಂದು ತಮಗೂ ಅದೇ ಬೇಕೆಂದಾಗ, ಕೊಡಲಾಗುವುದಿಲ್ಲ ಎಂದು ಹೇಳುವುದರಲ್ಲಿ ನನಗೆ ಒಂದು ಸುಖವಿತ್ತು.

ಆ ಹೆಂಗಸು ಪೋಸ್ಟರು ನೋಡಿ ನನ್ನ ಮಳಿಗೆಯ ಮುಂದೆ ಹಾಲಿನ ಕ್ಯಾನು ಇಳಿಸಿದಳು.

“ಏನ್ಲಾ, ಊರು ತುಂಬಾ ಗೆದ್ಲು ಬುಟ್ಟಿದ್ದೀಯ. ಸಿನಿಮಾ ನೋಡುದ್ರೂ ಸಾಯ್ತಾರಾ?”

“ಕೆಲವು ನೋಡುದ್ರೆ ಸಾಯ್ತಾರೆ ಅಕ್ಕ.”

“ಆಡ್ಕಬ್ಯಾಡ. ನಾವು ಇದನ್ನೇ ನೋಡ್ಕೊಂಡು ದನ ತಿರುಗ್ಸೋದು. ಸಿನಿಮಾದೋರಿಗೆ ಬೇರೆ ಅಕ್ಸರ ಇರ್ಲಿಲ್ವಾ?”

ನಾನು ನಕ್ಕೆ. ಆಕೆಯೂ ನಕ್ಕಳು. ಆದರೆ ಆಕೆ ಹೇಳಿದ್ದು ನನಗೆ ಅರ್ಥವಾಗಿತ್ತು. ಇಲ್ಲಿ ಯಾರೂ ನನ್ನನ್ನು ಮರೆವಿನವನು ಎಂದು ಕ್ಷಮಿಸಬಾರದು.

ಮರುವರ್ಷ ಕಂಟ್ರಾಕ್ಟರು ಹೇಳಿಕಳಿಸಿದ. ಗುಂಡಿಯ ಬೋರ್ಡು ಬಿಸಿಲಿಗೆ ಮಾಸಿತ್ತು, ಹೊಸದು ಬೇಕಾಗಿತ್ತು. ಯಾರೋ ಅಧಿಕಾರಿ ನೋಡಲು ಬರುತ್ತಾರಂತೆ.

“ಈ ಸಲ ನೀಟಾಗಿ ಬರೀರಿ. ಹರಕು ಮುರುಕು ಬ್ಯಾಡ. ಸಾಹೇಬ್ರು ಬಂದೋರು ಓದಬೇಕು,” ಎಂದ.

ನನಗೂ ಅದೇ ಬೇಕಾಗಿತ್ತು. ವೀಡಿಯೊ ಹಾಲಿನವರಿಗೆ ಮಾತು ಕೊಟ್ಟಿದ್ದೆ. ಅದಲ್ಲದೆ, ನಾಲ್ಕೂರಿನ ಗೋಡೆಯ ಮೇಲೆ ಮೆರೆಯುತ್ತಿದ್ದ ಅಕ್ಷರವನ್ನು ಒಂದು ಕೊಳಕು ಗುಂಡಿಯ ಮುಂದೆ ನಿಲ್ಲಿಸುವುದು ನನಗೆ ಕಡಿಮೆಯೆನಿಸಿತು. ಮಳಿಗೆಯಲ್ಲಿ ಡೈರಿಯ ಗೋಡೆ ಬರೆದು ಉಳಿದ ನೀಲಿ ಬಣ್ಣವಿತ್ತು. ಹೊಸ ತಗಡಿಗೆ ಬಿಳಿ ಹೊಡೆದು, ಆ ನೀಲಿಯಲ್ಲಿ, ದುಂಡಗೆ, ಮೂರು ಭಾಷೆಯಲ್ಲಿ ಬರೆದೆ. ಅಷ್ಟು ಅಚ್ಚುಕಟ್ಟಾದ ಬೋರ್ಡು ನಾನು ಅದಕ್ಕೆ ಮೊದಲು ಬರೆದಿರಲಿಲ್ಲ.

ಬರೆಯುವಾಗ ಆಕೆ ನೆನಪಾದಳು. ಇದನ್ನು ಹೇಳಲಿಕ್ಕೇ ನಾನು ಇಷ್ಟು ದೂರ ಬಂದಿದ್ದು. ಕುಂಚ ಕೈಯಲ್ಲಿದ್ದಾಗಲೇ ನೆನಪಾದಳು, ‘ನಾವು ಇದನ್ನೇ ನೋಡ್ಕೊಂಡು ದನ ತಿರುಗ್ಸೋದು’ ಎಂದಿದ್ದು ಕಿವಿಗೆ ಬಂತು. ಯಾರಾದರೂ ಓದಿ ಹೇಳುತ್ತಾರೆ ಬಿಡು ಅಂದುಕೊಂಡೆ. ಮುಂದಿನ ಅಕ್ಷರ ಬರೆದೆ.

ಬೋರ್ಡು ನೆಟ್ಟು ಕೆಲವು ದಿನಗಳಾಗಿದ್ದವು. ಮಧ್ಯಾಹ್ನ ಪೋಸ್ಟರಿನ ಕೆಲಸಕ್ಕೆಂದು ಸೈಕಲ್ಲಿನಲ್ಲಿ ಉರಿಗಾಂಗೆ ಹೊರಟಿದ್ದೆ. ಗುಂಡಿಯ ಬಳಿ ಜನ ನಿಂತಿದ್ದರು. ಮೊದಲು ನನಗೆ ಕಂಡಿದ್ದು ನನ್ನ ಬೋರ್ಡು. ಬಿಸಿಲಿಗೆ ಫಳಫಳ ಹೊಳೆಯುತ್ತಿತ್ತು. ಅದರ ಬುಡದಲ್ಲಿ ಒಂದು ಹಸು ಕತ್ತು ಚಾಚಿ ಮಲಗಿತ್ತು. ಮಲಗಿದೆ ಎಂದೇ ಅಂದುಕೊಂಡೆ. ಅದರ ಕಣ್ಣಿನ ಮೇಲೆ ನೊಣ ಕೂತು ಓಡಾಡುತ್ತಿತ್ತು. ರೆಪ್ಪೆ ಆಡಲಿಲ್ಲ.

ಇನ್ನೊಂದು ಹಸು ನಿಂತೇ ನಡುಗುತ್ತಿತ್ತು. ನಾಲ್ಕು ಕಾಲನ್ನೂ ಅಗಲಿಸಿ, ನೆಲ ಜಾರಿ ಹೋಗುತ್ತಿದೆಯೇನೋ ಎಂಬಂತೆ ನಿಂತಿತ್ತು. ಬಾಯಿಂದ ನೊರೆ. ಆಕೆ ಅದರ ದವಡೆ ಅಗಲಿಸಿ, ಬಿದಿರಿನ ಗೊಟ್ಟದಲ್ಲಿ ಹುಣಸೆಹುಳಿ ನೀರು ಹುಯ್ಯುತ್ತಿದ್ದಳು. ಯಾರೋ ದನದ ಡಾಕ್ಟರನ್ನು ಕರೆತರಲು ಬಂಗಾರಪೇಟೆಗೆ ಓಡಿದ್ದರು. ಹುಯ್ದ ನೀರೆಲ್ಲ ಪಕ್ಕದಿಂದ ಸುರಿದು ಹೋಗುತ್ತಿತ್ತು. ಆಕೆ ಅಳುತ್ತಿರಲಿಲ್ಲ. “ಕುಡಿ, ಕುಡಿ ನನ್ನವ್ವ, ನುಂಗು,” ಎಂದಷ್ಟೇ ಹೇಳುತ್ತಿದ್ದಳು. ಹಸು ಮುಂಗಾಲೂರಿ ಕುಸಿಯಿತು. ಆಮೇಲೆ ಒಂದು ಪಕ್ಕಕ್ಕೆ ಬಿತ್ತು. ಅದು ಬಿದ್ದ ಸದ್ದು ಅಷ್ಟು ಜೋರಾಗಿರುತ್ತದೆಂದು ನನಗೆ ಗೊತ್ತಿರಲಿಲ್ಲ.

ಗೊಟ್ಟ ಕೈಯಲ್ಲಿ ಹಿಡಿದುಕೊಂಡೇ ಆಕೆ ತಲೆಯೆತ್ತಿದಳು. ನನ್ನನ್ನು ನೋಡಿದಳು.

“ಬೋಲ್ಡು ಬದಲಾಗಿತ್ತಲ್ಲಪ್ಪ. ನಿನ್ನ ಡೈರಿ ಅಕ್ಸರ ಇತ್ತು. ನೀರ್ ತೊಟ್ಟಿ ಮೇಲೆ ಬರೆಯೋದು. ನೀರು ಸರಿ ಮಾಡವ್ರೆ ಅಂದ್ಕೊಂಡು ನಾನೇ ಇಳಿಸ್ದೆ. ಅವು ಬರಲ್ಲ ಅಂದ್ವು. ನಾನೇ ಕೋಲ್ ತಕ್ಕೊಂಡು ಇಳಿಸ್ದೆ.”

ಸೈಕಲ್ಲಿನ ಹ್ಯಾಂಡಲ್ಲು ಹಿಡಿದು ನಿಂತೇ ಇದ್ದೆ. ಯಾರೋ ನನ್ನ ಕೈಯಿಂದ ಅದನ್ನು ಬಿಡಿಸಿಕೊಂಡು ಮರಕ್ಕೆ ಒರಗಿಸಿದರು.

ಮಾರನೆಯ ದಿನ ಡೈರಿಯ ಮುಂದೆ ಜನ ಸೇರಿದರು. ಡೈರಿಯ ಅಧ್ಯಕ್ಷರು, ಊರಿನ ಇಬ್ಬರು ಹಿರಿಯರು, ಕಂಟ್ರಾಕ್ಟರು. ಮಾತು ಸರಳವಾಗಿತ್ತು. ಎಚ್ಚರಿಕೆ ಇಲ್ಲದೆ ಹಸು ಸತ್ತಿದ್ದರೆ ಕಂಟ್ರಾಕ್ಟರು ಆಕೆಗೆ ಎರಡು ಹಸು ಕೊಡಿಸಬೇಕು. ಎಚ್ಚರಿಕೆ ಇದ್ದೂ ಇಳಿಸಿದ್ದರೆ ತಪ್ಪು ಆಕೆಯದು. ಹಾಲಿಲ್ಲದೆ ಆ ಮನೆ ಒಂದು ತಿಂಗಳೂ ನಡೆಯುವುದಿಲ್ಲವೆಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

“ಬೋರ್ಡ್ ಇತ್ತಾ ಇಲ್ವಾ, ಅಷ್ಟು ಹೇಳಮ್ಮ ಸಾಕು,” ಎಂದ ಕಂಟ್ರಾಕ್ಟರು.

“ಇತ್ತು. ಆದ್ರೆ ಅದು ಬ್ಯಾಡ ಅನ್ನೋ ಬೋಲ್ಡಲ್ಲ. ಬಾ ಅನ್ನೋ ಬೋಲ್ಡು.”

ಜನ ನಕ್ಕರು. ಹಿಂದೆ ನಿಂತಿದ್ದ ಒಬ್ಬ, “ಅಕ್ಸರ ಬಾರ್ದೋಳು ಬೋರ್ಡ್ ಓದವ್ಳೆ ನೋಡ್ರಪ್ಪ,” ಎಂದ.

ಆಕೆ ತಿರುಗಿ, “ನೀನ್ ಓದ್ತೀಯೇನ್ಲಾ? ಬಸ್ಸಿನ ಬೋಲ್ಡ್ ಓದಿ ನಿನ್ನೆಂಡ್ತಿ ಅತ್ತಿಸ್ಬೇಕು ನಿನ್ನ,” ಎಂದಳು. ಈಗ ಅವನನ್ನು ನೋಡಿ ನಕ್ಕರು.

ಹಿರಿಯರಲ್ಲಿ ಒಬ್ಬರು ನನ್ನ ಕಡೆ ಕೈ ತೋರಿಸಿದರು. “ಬರ್ದೋನು ಇಲ್ಲೇ ಅವ್ನಲ್ಲ. ಏನಪ್ಪ, ಏನ್ ಬರ್ದಿದ್ದೆ?”

“ಅಪಾಯ, ಈ ನೀರು ಮುಟ್ಟಬೇಡಿ ಅಂತ. ಕನ್ನಡ, ತಮಿಳು, ಇಂಗ್ಲಿಷು.”

“ಮೊದ್ಲು ಇದ್ದಂಗೇ ಬರ್ದಿದ್ದಾ?”

ಅವರು ಕೇಳಬೇಕಾದದ್ದನ್ನೇ ಕೇಳಿದ್ದರು. ನಾನು ಆಗ ಹೇಳಬಹುದಿತ್ತು: ಇಲ್ಲ ಸ್ವಾಮಿ, ಮೇಯಿಸುವವರೆಲ್ಲ ನಂಬಿದ್ದ ಅಕ್ಷರವನ್ನು ತೆಗೆದು, ಅವರು ಕುಡಿಯುವ ನೀರಿನ ಮೇಲೆ ಬರೆಯುವ ಅಕ್ಷರವನ್ನು ಹಾಕಿದೆ, ಇದು ನನಗೆ ಗೊತ್ತಿತ್ತು. ಹಾಗೆ ಹೇಳಿದ್ದರೆ ಆಕೆಗೆ ಹಸು ಬರುತ್ತಿತ್ತು. ಆಕೆ ನನ್ನನ್ನೇ ನೋಡುತ್ತಿದ್ದಳು. ಬೇಡುವ ನೋಟವಲ್ಲ. ನಾನು ಹೇಳಿಯೇ ಹೇಳುತ್ತೇನೆ ಎಂದು ನೆಮ್ಮದಿಯಿಂದ ಕಾಯುತ್ತಿದ್ದಳು.

“ಮೊದಲಿಗಿಂತ ಚೆನ್ನಾಗಿ ಬರ್ದಿದ್ದೆ. ದೂರದಿಂದಲೂ ಓದಬಹುದು,” ಎಂದೆ.

ಕಂಟ್ರಾಕ್ಟರಿಗೆ ಹೆದರಿ ಹೇಳಿದೆನೆ? ಸ್ವಲ್ಪ. ಎರಡು ಹಸು ನನ್ನ ತಲೆಗೆ ಕಟ್ಟುತ್ತಾರೆಂಬ ಭಯವೆ? ಅದೂ ಇತ್ತು. ಆದರೆ ಎಲ್ಲಕ್ಕಿಂತ ಹೆಚ್ಚಾಗಿ, ಅಷ್ಟು ಚಂದದ ಬೋರ್ಡು ಕೆಟ್ಟ ಬೋರ್ಡು ಎಂದು ಆ ಜನರ ಮುಂದೆ ನನ್ನ ಬಾಯಿಂದ ಬರಲಿಲ್ಲ. ಇದು ಇವತ್ತಿಗೂ ನನ್ನನ್ನು ದಂಗುಬಡಿಸುತ್ತದೆ. ಒಂದು ತಗಡಿನ ಮೇಲಿನ ಹೆಮ್ಮೆಗೆ ಒಂದು ಮನೆಯ ಹಾಲನ್ನು ಬಿಟ್ಟುಕೊಟ್ಟೆ.

ಆಕೆ ಸೆರಗು ಸರಿಪಡಿಸಿಕೊಂಡು ಎದ್ದು ಹೋದಳು. ಹೋಗುವಾಗ ನನ್ನ ಪಕ್ಕದಲ್ಲೇ ಹಾದುಹೋದಳು. ಬೈಯುತ್ತಾಳೆ ಎಂದು ಕಾದೆ. ಬೈಯಲಿಲ್ಲ.

ಎರಡು ದಿನ ಮಳಿಗೆ ತೆರೆಯಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಗುಂಡಿಗೆ ಹೋಗಿ, ನೀಲಿ ಅಕ್ಷರದ ಮೇಲೆ ಬಿಳಿ ಹೊಡೆದು, ಕಪ್ಪು ಬಣ್ಣದ ಒಡಕಲು ಅಕ್ಷರದಲ್ಲಿ ಬರೆದೆ. ಒಂದು ದೊಡ್ಡ ಕೆಲಸ ಮಾಡಿದಂತೆ ಅನಿಸಿತು. ಅಲ್ಲೇ ಆಡು ಮೇಯಿಸುತ್ತಿದ್ದ ಮುದುಕ ಬಂದು ನೋಡಿ, “ಇವತ್ತು ಯಾವ ಸಿನಿಮಾ?” ಎಂದು ಕೇಳಿದ. ತಮಾಷೆಗೆ ಕೇಳಿದನೋ ನಿಜವಾಗಿ ಕೇಳಿದನೋ ನನಗೆ ತಿಳಿಯಲಿಲ್ಲ. ಕುಂಚವನ್ನು ಡಬ್ಬಿಯಲ್ಲಿ ಇಟ್ಟೆ. ಒಂದು ಅಕ್ಷರವನ್ನು ಅದರ ಜಾಗದಿಂದ ತೆಗೆದುಕೊಂಡು ಹೋದೆ, ಇನ್ನೊಂದನ್ನು ಅದು ಇರಬಾರದ ಜಾಗಕ್ಕೆ ತಂದೆ. ಈಗ ಎರಡೂ ಕೆಟ್ಟಿದ್ದವು.

ಕೆಲವು ತಿಂಗಳಲ್ಲಿ ಕಂಟ್ರಾಕ್ಟರು ಶೆಡ್ಡು ಕಿತ್ತುಕೊಂಡು ಹೋದ. ಗುಂಡಿಗೆ ಮಣ್ಣು ಬಿತ್ತು. ನಾನು ಮಡದಿಯ ಒಡವೆ ಮಾರಿ ಒಂದು ಕಡಸು ತಂದು ಆಕೆಯ ಮನೆಯ ಮುಂದೆ ಹಿಡಿದು ನಿಂತೆ. ಆಕೆ ಆಗ ಬೇರೆಯವರ ಹೊಲಕ್ಕೆ ಕೂಲಿಗೆ ಹೋಗುತ್ತಿದ್ದಳು. ಹೇಳಬೇಕೆಂದಿದ್ದೆಲ್ಲ ಹೇಳಿದೆ. ಬರೆಯುವಾಗಲೇ ನೆನಪಾಗಿತ್ತು ಎಂಬುದನ್ನೂ ಹೇಳಿದೆ. ಜಗುಲಿಯ ಮೇಲೆ ಗಂಡ ಕೆಮ್ಮುತ್ತಿದ್ದ.

“ನೀನು ಅವತ್ತು ಏಳಿದ್ದು ಸುಳ್ಳಲ್ಲ ಬುಡಪ್ಪ. ಬೋಲ್ಡ್ ಇತ್ತು,” ಎಂದಳು.

“ಅಕ್ಕ, ಕಡಸು...”

“ಅದೇನ್ ಮಾಡೈತೆ ಪಾಪ. ಅಲ್ ಕಟ್ಟು.”

ಕಟ್ಟಿದೆ. ಕುಡಿಯಲು ನೀರು ಕೊಡಲಿಲ್ಲ, ಕೂರು ಎನ್ನಲಿಲ್ಲ. ಆ ಕಡಸು ಮುಂದೆ ಚೆನ್ನಾಗಿ ಹಾಲು ಕೊಟ್ಟಿತಂತೆ.

ಅಂದಿನಿಂದ ಆಕೆಗೆ ಒಂದು ಅಭ್ಯಾಸ ಬಂತು. ದಾರಿಯಲ್ಲಿ ಯಾವ ಬೋರ್ಡು ಕಂಡರೂ ನಿಂತು, ಬರುವವರನ್ನು ತಡೆದು, ಏನು ಬರೆದಿದೆ ಎಂದು ಕೇಳುವುದು. ಸೋಡಾ ಅಂಗಡಿ, ಸಾಬೂನಿನ ಜಾಹೀರಾತು, ವೋಟಿನ ಗೋಡೆಬರಹ, ಯಾವುದನ್ನೂ ಬಿಡುತ್ತಿರಲಿಲ್ಲ. ಒಬ್ಬರು ಹೇಳಿದರೆ ಸಾಲದು, ಇನ್ನೊಬ್ಬರನ್ನೂ ಕೇಳುತ್ತಿದ್ದಳು. ಮಕ್ಕಳು ಅಣಕಿಸುತ್ತಿದ್ದರು. ನನ್ನ ಮಳಿಗೆಯ ಮುಂದೆ ಒಣಗಲು ಇಟ್ಟ ಬೋರ್ಡುಗಳನ್ನೂ ಹೀಗೆ ಕೇಳಿ ತಿಳಿದುಕೊಳ್ಳುತ್ತಿದ್ದಳು. ಒಳಗೆ ಕೂತ ನನ್ನನ್ನು ಮಾತ್ರ ಕೇಳುತ್ತಿರಲಿಲ್ಲ.

ತೊಂಬತ್ತರ ದಶಕದಲ್ಲಿ ಬಂಗಾರಪೇಟೆಗೆ ಕಂಪ್ಯೂಟರ್ ಬಂತು. ನನ್ನ ಎದುರಿನ ಸಾಲಿನಲ್ಲೇ ಒಬ್ಬರು ಡಿಟಿಪಿ ಅಂಗಡಿ ತೆರೆದರು. ಒಳಗೆ ಕರೆದು ತೋರಿಸಿದರು. ಒಂದು ಕೀಲಿ ಒತ್ತಿದರೆ ಪರದೆಯ ಮೇಲೆ ದಪ್ಪನೆಯ ಸೀಳಿದ ಅ ಮೂಡಿತು. ಮತ್ತೆ ಒತ್ತಿದರು, ಅದೇ ಜಾಗದಲ್ಲಿ ಅದೇ ಸೀಳು. ನನ್ನದಲ್ಲ, ಬೇರೆ ಯಾರೋ ಬರೆದದ್ದು.

“ಇದು ಯಾವುದಕ್ಕೆ ಆಗುತ್ತೆ?” ಎಂದು ಕೇಳಿದೆ.

“ಎಲ್ಲಾದಕ್ಕೂ ಆಗ್ತೈತೆ ಸಾರ್. ಆರ್ಕೆಸ್ಟ್ರಾ, ಉಪ್ಪಿನಕಾಯಿ ಲೇಬಲ್ಲು, ಕಬಡ್ಡಿ ಟೂರ್ನಮೆಂಟು.”

“ಅಪಾಯ ಅಂತ ಬರೆಯೋದಕ್ಕೆ?”

“ಅದಕ್ಕೆ ಇದ್ಯಾಕೆ ಸಾರ್. ಅದು ನೀಟಾಗಿರ್ಬೇಕು.”

ನಾನು ಎದ್ದು ಬಂದೆ. ಅವರ ಮೇಲೆ ಸಿಟ್ಟು ಮಾಡುವ ಹಕ್ಕು ನನಗಿರಲಿಲ್ಲ.

ಅದಾದ ಮೇಲೆ ಒಮ್ಮೆ ಬಂಗಾರಪೇಟೆ ಸ್ಟೇಷನ್ನಿನಲ್ಲಿ ಆಕೆಯನ್ನು ಕಂಡೆ. ತಲೆ ಪೂರ್ತಿ ಬೆಳ್ಳಗಾಗಿತ್ತು. ಮಗಳನ್ನು ಮಾಲೂರಿಗೆ ಕೊಟ್ಟಿದ್ದಳು, ಅಲ್ಲಿಗೆ ಹೊರಟಿದ್ದಳು. ಎರಡು ರೈಲು ನಿಂತಿದ್ದವು. ಒಂದು ಮಾಲೂರಿನ ಮೇಲೆ ಬೆಂಗಳೂರಿಗೆ, ಒಂದು ಕೆಜಿಎಫ್ ಕಡೆಗೆ. ನಾನು ಆಕೆಯಿಂದ ಕೈಯಳತೆಯಲ್ಲಿದ್ದೆ. ಆಕೆ ನನ್ನನ್ನು ದಾಟಿ ಚೀಲ ಹೊತ್ತ ಒಬ್ಬನನ್ನು ಕೇಳಿದಳು. ಅವನು ಅವಸರದಲ್ಲಿ ಕೆಜಿಎಫ್ ರೈಲಿನ ಕಡೆ ಕೈ ತೋರಿಸಿ ಓಡಿದ.

“ಅಕ್ಕ, ಅದಲ್ಲ. ಮಾಲೂರಿಗೆ ಆ ಕಡೇದು,” ಎಂದೆ.

ಆಕೆ ನಿಂತಳು. ನನ್ನ ಮುಖವನ್ನು ಚೆನ್ನಾಗಿ ನೋಡಿದಳು. ಗುರುತು ಸಿಕ್ಕಿತು. ರೈಲು ಶಿಳ್ಳೆ ಹಾಕಿತು. ಆಕೆ ಆಚೆ ನಿಂತಿದ್ದ ಕಾಲೇಜಿನ ಹುಡುಗಿಯ ತೋಳು ಹಿಡಿದು, “ಮಾಲೂರಿಗೆ ಯಾವ್ದವ್ವ?” ಎಂದು ಕೇಳಿದಳು. ಹುಡುಗಿ ನಾನು ತೋರಿಸಿದ ರೈಲನ್ನೇ ತೋರಿಸಿದಳು. ಆಮೇಲೆ ಆಕೆ ಗಂಟು ಎತ್ತಿಕೊಂಡು, ಆ ರೈಲಿನ ಕಡೆಗೆ ಓಡುನಡಿಗೆಯಲ್ಲಿ ಹೋದಳು.